ಒಂದೇ ಮುಖದ ದಾಳ

ಭಾನುವಾರ, ಮಾರ್ಚ್ ೧೪

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನಗಳಾದವು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕಣ್ಣಿನ ಪೊರೆಯ ನೆಪ ಹೇಳಬಹುದಿತ್ತು. ಆದರೆ ಸುಳ್ಳು ನೆಪ ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಬರೆಯಲು ಮನಸ್ಸಿರಲಿಲ್ಲ, ಅಷ್ಟೇ. ಹಾಡಿನ ವಿಚಾರ ಏನಾಯಿತೆಂದು ಕೇಳಿದ್ದೆಯಲ್ಲ, ಹೇಳುತ್ತೇನೆ.

ನನ್ನ ಮಗಳು ಕಂಪ್ಯೂಟರಿನಿಂದ ಸಂಗೀತ ಕಟ್ಟಿಸುತ್ತಿರುವುದು ನಿನಗೆ ಗೊತ್ತೇ ಇದೆ. ಹಾಡಿನ ಪ್ರತಿ ಜಾಗದಲ್ಲೂ ಮುಂದಿನ ಸ್ವರ ಯಾವುದೆಂದು ಅದು ದಾಳ ಉರುಳಿಸಿದಂತೆ ಆರಿಸುತ್ತದೆಯಂತೆ. ಆ ದಾಳದ ಮುಖಗಳನ್ನು ಮಾತ್ರ ಯಾರಾದರೂ ಹಾಡಿ ತುಂಬಬೇಕು; ಒಂದೇ ಜಾಗದಲ್ಲಿ ಬೇರೆ ಬೇರೆ ಸಲ ಹಾಡಿದ ಸ್ವರಗಳೇ ಅದರ ಮುಖಗಳಂತೆ. ನೀನು ಫೋನಿನಲ್ಲಿ ಹತ್ತಾರು ಸಲ ಹಾಡಿ ಕಳುಹಿಸಿದ ಜೋಗುಳದಿಂದ ಅದು ಹೊಸ ಹೊಸ ಧಾಟಿಗಳನ್ನು ಹೆಣೆಯಿತು.

"ಚಿಕ್ಕಮ್ಮ ಒಂದ್ಸಲ ಹಾಡಿದ ಹಾಗೆ ಇನ್ನೊಂದ್ಸಲ ಹಾಡೋದೇ ಇಲ್ಲಮ್ಮ, ಎಷ್ಟು ಚೆನ್ನಾಗಿದೆ!" ಎಂದು ಮಗಳು ಕುಣಿದಳು. ಚಿಕ್ಕಂದಿನಲ್ಲಿ ನೀನು ತಪ್ಪಿದ್ದನ್ನೆಲ್ಲ ತಿದ್ದಿ ತಿದ್ದಿ ಸಾಕಾದವಳು ನಾನು; ಈಗ ಆ ತಪ್ಪಿಗೇ ಹೊಗಳಿಕೆ! ಹೊಟ್ಟೆ ಉರಿಯಿತು. ನಿನ್ನಿಂದ ಏಕೆ ಮುಚ್ಚಿಡಲಿ?

"ನಾನೂ ಹಾಡುತ್ತೇನೆ" ಎಂದೆ. ಕಿಟಕಿ ಮುಚ್ಚಿಸಿ, ಫ್ಯಾನ್ ನಿಲ್ಲಿಸಿ, ಅದೇ ಜೋಗುಳವನ್ನು ಒಂದು ಸ್ವರವೂ ಆಚೀಚೆಯಾಗದಂತೆ ಮತ್ತೆ ಮತ್ತೆ ಹಾಡಿದೆ. ದನಿ ಎಲ್ಲಿ ನಡುಗಿತೋ ಅದನ್ನು ಅಳಿಸಿಹಾಕಿಸಿದೆ. ಮಗಳು ಎಲ್ಲವನ್ನೂ ಯಂತ್ರಕ್ಕೆ ಕೊಟ್ಟಳು. ಅದು ನನ್ನ ಜೋಗುಳವನ್ನು ಇದ್ದದ್ದು ಇದ್ದಂತೆ ನನಗೇ ಒಪ್ಪಿಸಿತು.

"ನೋಡಿದೆಯಾ, ಒಂದೂ ತಪ್ಪಿಲ್ಲ!" ಎಂದು ಬೀಗಿದೆ.

ನಿನ್ನ ಭಾವ ಪತ್ರಿಕೆಯ ಹಿಂದಿನಿಂದಲೇ, "ಪಾಪ, ಅದಕ್ಕೂ ಬಾಯಿಪಾಠ ಮಾಡಿಸಿಬಿಟ್ಯಾ?" ಎಂದರು.

ಮಗಳು ನಗು ತಡೆದುಕೊಂಡಳು. "ಅಮ್ಮ, ನಿನ್ನ ಹಾಡಲ್ಲಿ ಯಾವ ಜಾಗದಲ್ಲೂ ಮುಂದೆ ಬರೋದು ಒಂದೇ ಸ್ವರ. ದಾಳಕ್ಕೆ ಒಂದೇ ಮುಖ ಇದ್ರೆ ಉರುಳಿಸಿ ಏನು ಪ್ರಯೋಜನ? ಒಂದ್ಸಲ ತಪ್ಪಾಗಿ ಹಾಡು, ನೋಡೋಣ."

ಪ್ರಯತ್ನಿಸಿದೆ, ತಂಗಿ. ಬಾಯಿ ತಾನಾಗಿಯೇ ಸರಿಯಾದ ಸ್ವರಕ್ಕೆ ಹೋಗಿ ನಿಂತಿತು.

ಕಳೆದ ವಾರ ಸಭಾಂಗಣದಲ್ಲಿ ಆ ಸಂಗೀತವನ್ನು ಕೇಳಿಸಿದಳು. ವೇದಿಕೆಯಿಂದ "ಇದರೊಳಗಿರೋದು ನಮ್ಮ ಚಿಕ್ಕಮ್ಮನ ದನಿ" ಎಂದಾಗ ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಕುಳಿತಿದ್ದ ನಾನೂ ತಟ್ಟಬೇಕಾಯಿತು. ಕೆಟ್ಟದಾಗಿದ್ದಿದ್ದರೆ ನಿನ್ನನ್ನು ಕ್ಷಮಿಸುವುದು ಸುಲಭವಾಗುತ್ತಿತ್ತು.

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಳಿಯಬೇಡ. ನಿನಗೂ ಮನೆಯವರಿಗೂ ಸದಾ ಒಳಿತಾಗಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಆ ಜೋಗುಳವನ್ನು ನಿನಗೆ ಕಲಿಸಿದವಳೇ ನಾನೆಂದು ಮಗಳಿಗೆ ಹೇಳಿದೆ. "ಹೌದಾ? ನೀನು ನಂಗೆ ಹಾಡಿದ್ದು ನೆನಪೇ ಇಲ್ವಲ್ಲಮ್ಮ" ಎಂದಳು. ನಾನು ಶಾಲೆಯಲ್ಲಿದ್ದ ಹಗಲುಗಳಲ್ಲಿ ಅವಳನ್ನು ತೂಗಿದವಳು ನೀನು, ನಿಜ. ಆದರೆ ಪ್ರತಿ ರಾತ್ರಿಯೂ ಹಾಡಿದವಳು ನಾನು; ಮೊದಲ ಸಾಲು ಮುಗಿಯುವುದರೊಳಗೆ ಅವಳು ನಿದ್ದೆಹೋಗುತ್ತಿದ್ದಳು. ನೀನು ಹಾಡುವಾಗ ಅವಳು ಎಚ್ಚರವಾಗಿರುತ್ತಿದ್ದಳೆ? ಇದೊಂದಕ್ಕೆ ಬೇಗ ಉತ್ತರ ಬರೆ.