ಚಿಕ್ಕತಾಯಿಯ ಬೆನ್ನ ಹಿಂದೆ ಮೊದಲು ನಿಂತವಳು

ಹೊನ್ನುಹೊಳೆ ರಾಜ್ಯ, ಕೊಳ್ಳೇಗಾಲ
ಇಸವಿ ೨೧೭೫, ಹದಿಮೂರನೇ ತಿಂಗಳ ನಾಲ್ಕನೇ ದಿನ

ನನ್ನ ಅಜ್ಜಿಯ ಅಜ್ಜಿ ಪುಟ್ಟಸಿದ್ದಮ್ಮನಿಗೆ ಕೆಂಪಾಜಮ್ಮ ಮಾಡುವ ನಮಸ್ಕಾರ.

ಹದಿಮೂರನೇ ತಿಂಗಳು ಎಲ್ಲಿಂದ ಬಂತು ಎಂದು ಗಾಬರಿಯಾಗಬೇಡ. ಹನ್ನೆರಡು ಸಾಲದೆಂದು ನಮ್ಮವರು ಒಂದು ಸೇರಿಸಿಕೊಂಡರು, ಅಷ್ಟೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ನಿನ್ನ ಕೈ ಸೇರುವಾಗ ನಿನಗೆ ಮೂವತ್ತು ವರ್ಷ. ನನಗೆ ಎಪ್ಪತ್ತೆರಡು. ಅದಕ್ಕೇ ನೀನು ಅಂತಲೇ ಕರೆಯುತ್ತೇನೆ. ಸಿಟ್ಟು ಬಂದರೆ ಅಲ್ಲೇ ಇಟ್ಟುಕೋ.

ಮೂರು ದಿನದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ ಕಣವ್ವ. ನನ್ನ ಸೊಸೆ ಚಿಕ್ಕತಾಯಿ ಉಪರಾಜ್ಯಪಾಲರ ಚುನಾವಣೆಗೆ ನಿಂತಿದ್ದಳು. ರಾಜ್ಯಪಾಲರು ಕಾಯಿಲೆ ಬಿದ್ದರೆ, ಊರು ಬಿಟ್ಟರೆ ಅವರ ಮುದ್ರೆ ಹಿಡಿದು ಕೂರುವವರು ಉಪರಾಜ್ಯಪಾಲರು. ಇಷ್ಟು ಕಾಲ ಮೇಲಿನವರೇ ನೇಮಿಸುತ್ತಿದ್ದರು. ಜನ ಆರಿಸಿದ್ದು ಇದೇ ಮೊದಲು. ಎದುರಾಳಿ ಶಿವನಂಜಪ್ಪ, ಕುರ್ಚಿಯಲ್ಲೇ ಹುಟ್ಟಿ ಕುರ್ಚಿಯಲ್ಲೇ ನರೆತ ಮನೆತನದವನು. ಇವಳು ನಾಲೆಯ ತೂಬು ತಿರುಗಿಸುವ ಕೆಲಸದವಳು.

ನಮ್ಮಲ್ಲಿ ನಿಮ್ಮ ಹಾಗೆ ಯಂತ್ರ ಇಲ್ಲ, ಬೆನ್ನುಮತ. ಅಭ್ಯರ್ಥಿಗಳು ನಲವತ್ತು ದಿನ ನಲವತ್ತು ತಾಲ್ಲೂಕು ತಿರುಗಿ, ಎಲ್ಲ ಕಡೆಯೂ ಮೈದಾನದ ಗೋಡೆಗೆ ಮುಖಮಾಡಿ ನಿಲ್ಲುತ್ತಾರೆ. ಜನ ತಮಗೆ ಬೇಕಾದವರ ಬೆನ್ನ ಹಿಂದೆ ಸಾಲು ಕಟ್ಟುತ್ತಾರೆ. ಮೊದಲು ನಿಂತವರು ಅಭ್ಯರ್ಥಿಯ ಭುಜದ ಮೇಲೆ ಕೈ ಇಡಬೇಕು, ಹಿಂದಿನವರು ಅವರ ಭುಜದ ಮೇಲೆ. ತಲೆ ಎಣಿಸಿ ನಗಾರಿ ಹೊಡೆಯುವ ತನಕ ಅಭ್ಯರ್ಥಿ ತಿರುಗುವಂತಿಲ್ಲ, ಬಾಯಿ ಬಿಡುವಂತಿಲ್ಲ. ನಮ್ಮದು ಕೊನೆಯ ತಾಲ್ಲೂಕು. ಇಲ್ಲಿಗೆ ಬರುವಾಗ ಶಿವನಂಜಪ್ಪ ಮುನ್ನೂರು ತಲೆ ಮುಂದಿದ್ದ.

ತಪ್ಪು ನನ್ನ ನಾಲಿಗೆಯದು. ಚುನಾವಣೆಗೆ ಮುಂಚೆ ಒಂದು ದಿನ, ಮಾಳಿಗೆಯ ಮೇಲೆ ನೀರು ಹಿಡಿಯಲು ಕಟ್ಟುವ ಇಬ್ಬನಿ ಬಲೆ ಒಗೆಯುತ್ತ, ಪಕ್ಕದ ಮನೆಯ ದುಂಡಮ್ಮನಿಗೆ "ಸಾರಿಗೆ ಉಪ್ಪು ಹಾಕಕ್ಕೆ ಬರಲ್ಲ, ರಾಜ್ಯ ಆಳ್ತಾಳಂತೆ" ಅಂದಿದ್ದೆ. ಸೊಸೆ ಮದುವೆಯಾಗಿ ಬಂದ ದಿನದಿಂದ ಅಂದುಕೊಂಡು ಬಂದ ಮಾತೇ. ಆದರೆ ಬೀದಿಯ ಮಾತುಗೋಡೆ ಹಿಡಿದು ಬರೆದುಕೊಂಡಿತು. ಕಿವಿಗೆ ಬಿದ್ದದ್ದನ್ನೆಲ್ಲ ಅಕ್ಷರವಾಗಿ ತೋರಿಸುವ ಗೋಡೆ ಅದು, ಮಾನ ಮರ್ಯಾದೆ ಇಲ್ಲದ್ದು. ಶಿವನಂಜಪ್ಪನ ಕಡೆಯವರು ಅದನ್ನು ರಾಜ್ಯಕ್ಕೆಲ್ಲ ಹಂಚಿದರು. "ಅತ್ತೆಯೇ ನಿಲ್ಲದವಳ ಹಿಂದೆ ನಾವ್ಯಾಕೆ ನಿಲ್ಲೋಣ" ಎಂದು ನಮ್ಮ ಬೀದಿಯೇ ಆಡಿಕೊಂಡಿತು. ಚಿಕ್ಕತಾಯಿ ಬಡಿಸುವಾಗ ಉಪ್ಪಿನ ಡಬ್ಬಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟು ಹೋದಳು.

ಮತದ ದಿನ ಶಿವನಂಜಪ್ಪನ ಹಿಂದೆ ಸಾಲು ಬೆಳೆಯುತ್ತಲೇ ಇತ್ತು. ಇವಳ ಬೆನ್ನ ಹಿಂದೆ ಬರೀ ಬಿಸಿಲು. ನಮ್ಮ ಕಡೆಯವರೆಲ್ಲ ಬೇವಿನ ಮರದ ಕೆಳಗೆ ನಿಂತು ನನ್ನ ಮುಖ ನೋಡುತ್ತಿದ್ದರು.

"ಏನ್ ಕೆಂಪಾಜಕ್ಕ, ಉಪ್ಪು ತಂದಿದ್ದೀಯಾ?" ಎಂದಳು ದುಂಡಮ್ಮ.

"ತಂದಿದ್ದೀನಿ, ನಿನ್ನ ಬಾಯಿಗೆ ಹಾಕೋಕೆ" ಎಂದು ಹೊರಟೆ.

ಆ ಮೈದಾನ ಅಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಹೋಗಿ ಅವಳ ಭುಜದ ಮೇಲೆ ಕೈ ಇಟ್ಟೆ. ನನ್ನ ಬಲಗೈ ಹೆಬ್ಬೆರಳು ಗಿರಣಿಗೆ ಸಿಕ್ಕಿ ಅರ್ಧ ಹೋಗಿದೆ; ಯಾರ ಕೈ ಎಂದು ಅವಳಿಗೆ ಹೇಳಬೇಕೇ? ಭುಜ ಒಮ್ಮೆ ಅಲುಗಿತು. ಹಿಂದೆಯೇ ನನ್ನ ಭುಜದ ಮೇಲೆ ದುಂಡಮ್ಮನ ಕೈ ಬಿತ್ತು, ಭಾರದ ಕೈ. ಆಮೇಲೆ ಬೇವಿನ ಮರದ ಕೆಳಗೆ ಒಬ್ಬರೂ ಉಳಿಯಲಿಲ್ಲ. ಸಾಲು ಸಂತೆಮಾಳ ದಾಟಿತಂತೆ.

ನಗಾರಿ ಬಡಿದಾಗ ಎಲ್ಲ ತಾಲ್ಲೂಕೂ ಸೇರಿ ಎಪ್ಪತ್ತೊಂದು ತಲೆಯಿಂದ ಗೆದ್ದಿದ್ದಳು. ತಿರುಗಿದಳು. ಮುದ್ರೆ ಹಿಡಿದ ಅಧಿಕಾರಿ ಕಾಯುತ್ತಿದ್ದರೆ, ಇವಳು ನನ್ನನ್ನೇ ನೋಡಿ "ಅತ್ತೆ, ಇವತ್ತು ಉಪ್ಪು ಸರಿಯಾಯ್ತಾ?" ಎಂದಳು.

"ಇನ್ನೊಂದು ಚಿಟಿಕೆ ಬೇಕಿತ್ತು" ಎಂದೆ.

ಈಗ ನಿನ್ನ ವಿಷಯ. ಪುಟ್ಟಸಿದ್ದಮ್ಮ ಪ್ರತಿ ಸಲವೂ ಗಂಡ ಹೇಳಿದ ಗುರುತಿಗೇ ಒತ್ತಿ ಬರುತ್ತಿದ್ದಳು ಎಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ನಾನು ಊರೆಲ್ಲ ನೋಡುತ್ತಿರುವಾಗ ಮೈದಾನ ದಾಟಿದವಳು. ನಿನಗೆ ರಟ್ಟಿನ ಮರೆ ಇದೆಯಂತಲ್ಲ, ಯಾರಿಗೂ ಕಾಣುವುದಿಲ್ಲವಂತಲ್ಲ. ಈ ಸಲ ಅದರ ಹಿಂದೆ ಒಂದು ಗಳಿಗೆ ಸುಮ್ಮನೆ ನಿಂತು, ನಿನಗೆ ಬೇಕಾದವರಿಗೆ ಒತ್ತು. ಮನೆಗೆ ಬಂದ ಮೇಲೆ ಗಂಡ ಯಾರಿಗೆ ಹಾಕಿದೆ ಎಂದರೆ, ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳು.

ನಿನ್ನ ಮೊಮ್ಮಗಳ ಮೊಮ್ಮಗಳು,
ಕೆಂಪಾಜಮ್ಮ