ಪಿನ್ನಿನ ಜಾಗಕ್ಕೆ ತಂತಿ ಸುತ್ತಿದವನು ನಾನು

ವಾಹನ ತಪಾಸಣಾಧಿಕಾರಿಗಳೇ,

ನನ್ನ ಅಕ್ಕನ ಚಾಲನಾ ಪರವಾನಗಿಯನ್ನು ಅಮಾನತಿನಲ್ಲಿಟ್ಟು ನಿಮ್ಮ ಕಚೇರಿ ಕಳಿಸಿದ ನೋಟೀಸು ತಲುಪಿದೆ. 'ಅಪಘಾತಕ್ಕೆ ಹನ್ನೆರಡು ದಿನ ಮೊದಲಷ್ಟೇ ವಾಹನ ಸುಸ್ಥಿತಿಯಲ್ಲಿದೆಯೆಂದು ಪ್ರಮಾಣೀಕರಿಸಿರುವುದರಿಂದ ಚಾಲಕಿಯ ನಿರ್ಲಕ್ಷ್ಯವೇ ಕಾರಣ' ಎಂದು ಬರೆದಿದ್ದೀರಿ. ಎಂಥ ತರ್ಕ! ಕಾಗದ ಗಟ್ಟಿಯಿದೆ, ಆದ್ದರಿಂದ ಕಾರೂ ಗಟ್ಟಿಯಿತ್ತು. ಮಾನ್ಯರೇ, ನಿರ್ಲಕ್ಷ್ಯ ಇದ್ದದ್ದು ನಿಜ. ಆದರೆ ಅದು ಸ್ಟಿಯರಿಂಗ್ ಹಿಡಿದವಳದಲ್ಲ, ಪಾನಾ ಹಿಡಿದವನದು.

ಆ ಕಾರು ನನ್ನದು. ಮುಂದಿನ ಚಕ್ರಗಳ ಬಾಲ್ ಜಾಯಿಂಟುಗಳು ಸವೆದು, ರಸ್ತೆಯ ಗುಂಡಿಗಿಳಿದಾಗಲೆಲ್ಲ ಟಕ್ ಟಕ್ ಎನ್ನುತ್ತಿದ್ದವು. ನಮಗೆ ಭುಜದ ಕೀಲು ಹೇಗೋ, ಚಕ್ರಕ್ಕೆ ಇವು ಹಾಗೆ. ಒಂದು ಭಾನುವಾರ, ಎರಡು ವಿಡಿಯೊ ನೋಡಿದ ಧೈರ್ಯದಲ್ಲಿ, ಮನೆಯ ಮುಂದೆಯೇ ಜಾಕ್ ಏರಿಸಿ ಹೊಸದು ಹಾಕಿದೆ. ಬಲಗಡೆಯದು ಚೆನ್ನಾಗಿ ಕೂತಿತು. ಎಡಗಡೆ, ನಟ್ಟು ಸಡಿಲವಾಗದಂತೆ ತಡೆಯುವ ಪುಟ್ಟ ಪಿನ್ನು ಕೈಜಾರಿ ಚರಂಡಿಗೆ ಬಿತ್ತು. ಅದರ ಜಾಗಕ್ಕೆ ಪರದೆ ಕಟ್ಟುವ ತಂತಿಯ ತುಂಡು ತೂರಿಸಿ ತಿರುಚಿದೆ.

"ಬೇರೆ ಪಿನ್ನು ತರಲ್ವಾ?" ಎಂದಳು ಹೆಂಡತಿ.

"ನಾಳೆ ತರ್ತೀನಿ ಬಿಡೆ. ಎರಡು ದಿನ ತಡ್ಕೊಳುತ್ತೆ."

ಮರುದಿನ ಸುಸ್ಥಿತಿಯ ಪ್ರಮಾಣಪತ್ರಕ್ಕೆಂದು ನಿಮ್ಮಲ್ಲಿಗೆ ಬಂದೆ. ನೀವು ಹಾರನ್ ಕೇಳಿದಿರಿ, ಲೈಟು ಹಾಕಿಸಿದಿರಿ, ಬಣ್ಣ ಚೆನ್ನಾಗಿದೆ ಎಂದಿರಿ. ಕಾರಿನ ಅಡಿ ನೋಡಲೆಂದೇ ತೋಡಿಸಿದ ಹೊಂಡಕ್ಕೆ ಇಳಿಯಲಿಲ್ಲ. ಅದರ ತುಂಬ ನಿಮ್ಮ ಕಚೇರಿಯ ಮುರಿದ ಕುರ್ಚಿಗಳಿದ್ದವು. ತಂತಿ ನಿಮ್ಮ ಕಣ್ಣಿಗೆ ಬೀಳಲಿ ಎಂದು ಬಯಸಿದ್ದೆನೇ? ಇಲ್ಲ, ಬೀಳದಿರಲಿ ಎಂದು ಬೆವರಿದ್ದೆ. ನೀವು ಮುದ್ರೆ ಒತ್ತಿದಿರಿ, ನನ್ನ ಅಂಜಿಕೆ ನಿದ್ರೆ ಹೋಯಿತು. (ಪ್ರಾಸ ನನ್ನ ಹಳೆಯ ಚಟ, ಇಂಥ ಹೊತ್ತಿನಲ್ಲೂ ಬಿಡದು.) ಹೆಂಡತಿ ಮತ್ತೆ ಪಿನ್ನಿನ ಮಾತೆತ್ತಿದಾಗ ನಿಮ್ಮ ಕಾಗದ ತೋರಿಸಿ, "ಸರ್ಕಾರವೇ ಒಪ್ಪಿದೆ, ನಿಂದೇನು?" ಎಂದೆ. ನೋಡದೆ ಕೊಟ್ಟವರು ನೀವು. ನೋಡಿಲ್ಲವೆಂದು ಗೊತ್ತಿದ್ದೂ ನಂಬಿದವನು ನಾನು. ಇಬ್ಬರಲ್ಲಿ ಯಾರು ದೊಡ್ಡ ಮೋಸಗಾರ?

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಲು ಕಾರು ಕೇಳಿದಳು. ಕೀ ಕೊಟ್ಟೆ, ತಂತಿಯ ವಿಷಯ ಬಾಯಿ ಬಿಡಲಿಲ್ಲ. ತಿರುವಿನಲ್ಲಿ ನಟ್ಟು ಕಳಚಿ ಎಡಚಕ್ರ ಮಡಚಿಕೊಂಡಿತು. ಕಾರು ಗೋಡೆಗೆ, ಅವಳ ಬಲಗೈ ಪ್ಲಾಸ್ಟರಿಗೆ. ಕತ್ತರಿ ಹಿಡಿಯುವ ಕೈ. ಆಸ್ಪತ್ರೆಯಲ್ಲಿ ನನ್ನನ್ನು ಕಂಡವಳೇ, "ನಿನ್ನ ಕಾರು ಹಾಳುಮಾಡ್ಬಿಟ್ಟೆ ಕಣೋ, ಬೇಜಾರು ಮಾಡ್ಕೋಬೇಡ" ಎಂದು ಅತ್ತಳು. ನಾನೇನೆಂದೆ ಗೊತ್ತೇ? "ಪರವಾಗಿಲ್ಲ ಬಿಡಕ್ಕಾ." ಕ್ಷಮಿಸಿಬಿಟ್ಟೆ ಸ್ವಾಮಿ! ಅವಳನ್ನು, ನಾನು!

ಮೂರು ವಾರ ಹಾಗೇ ದೊಡ್ಡವನಾಗಿ ಓಡಾಡಿಕೊಂಡಿದ್ದೆ. ನಿನ್ನೆ ಅಕ್ಕ ನಿಮ್ಮ ನೋಟೀಸನ್ನು ಎಡಗೈಯಲ್ಲಿ ಹಿಡಿದು, "ಇಪ್ಪತ್ತು ವರ್ಷ ಓಡಿಸಿದೀನಿ, ಎಲ್ಲೂ ಒಂದು ಗೀರು ಬಿದ್ದಿರ್ಲಿಲ್ಲ. ನಂಗೆ ಏನಾಯ್ತೋ?" ಎಂದು ಕೇಳಿದಳು. ಆಗ ಎಲ್ಲ ಹೇಳಿದೆ. ಬೈಯಲಿಲ್ಲ. "ಒಂದು ಮಾತು ಹೇಳಿದ್ರೆ ಬಸ್ಸಲ್ಲಿ ಹೋಗ್ತಿದ್ದೆನಲ್ಲೋ" ಎಂದಳಷ್ಟೆ. ಆಮೇಲೆ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.

ಸೋಮವಾರ ವಿಚಾರಣೆ. ಪರವಾನಗಿಯನ್ನು ಅಕ್ಕನಿಗೆ ಅಂದೇ ಹಿಂದಿರುಗಿಸಿ. ಕಿತ್ತುಕೊಳ್ಳಲೇಬೇಕಿದ್ದರೆ ನನ್ನದಿದೆ. 'ಕಾರಣ' ಎಂಬ ಅಂಕಣದಲ್ಲಿ ಅವಳ ಹೆಸರು ಹೊಡೆದು ನನ್ನದು ಬರೆಯಿರಿ. ಕೆಳಗೆ ಜಾಗ ಉಳಿದರೆ, ನಿಮ್ಮದನ್ನೂ.

ಇಂತಿ,
ಅವಳು ಒಪ್ಪಿದರೆ ಅವಳ ಜೊತೆ, ಒಪ್ಪದಿದ್ದರೆ ಅವಳ ಹಿಂದಿನ ಬಸ್ಸಿನಲ್ಲಿ ಬರಲಿರುವ
ತಮ್ಮ