ಗುಡ್ಡದ ಮೇಲಿನ ನನ್ನ ತಂಗಿ ನೋಡದೇ ಹೋದ ಹನ್ನೆರಡು ನಿಮಿಷ

ಪ್ರಸಾರ ಆಯೋಗದ ಮಾನ್ಯ ಅಧ್ಯಕ್ಷರೇ,

ಆಂಟೆನಾ ಮೂಲಕ ಬರುವ ವಾಹಿನಿಗಳಿಗಿರುವ ಅಸಭ್ಯತೆಯ ನಿಯಮವನ್ನು ಕೇಬಲ್ಲಿಗೂ ಅನ್ವಯಿಸಬೇಕೆಂದು ಹೋದ ವಾರ ತಾವು ಅಪ್ಪಣೆ ಕೊಡಿಸಿದ್ದನ್ನು ಓದಿದೆ. ಲಕ್ಷಾಂತರ ನಾಗರಿಕರು ದೂರು ಬರೆದಿದ್ದಾರೆ, ಅದೇ ಜನಾಭಿಪ್ರಾಯ, ಎಂದಿದ್ದೀರಿ. ಆ ಲಕ್ಷಾಂತರದಲ್ಲಿ ನಾಲ್ಕು ದೂರುಗಳು ನನ್ನವು. ನಾಲ್ಕರಲ್ಲಿ ಒಂದು ದೂರು, ನನ್ನ ತಂಗಿ ನೋಡಲೇಬೇಕಿದ್ದ ಒಂದು ಕಾರ್ಯಕ್ರಮವನ್ನು ನಿಲ್ಲಿಸಿತು. ತಂಗಿ ಹೋದ ಆಗಸ್ಟಿನಲ್ಲಿ ತೀರಿಕೊಂಡಳು. ಆದ್ದರಿಂದ ಜನಾಭಿಪ್ರಾಯದ ಪರವಾಗಿ ಎರಡು ಮಾತು ಹೇಳುವ ಅಧಿಕಾರ ನನಗಿದೆ ಎಂದು ಭಾವಿಸಿದ್ದೇನೆ.

ನಾನು ಓಹಾಯೊ ನದಿಯ ದಂಡೆಯ ಸಣ್ಣ ಊರಿನವಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಅಸಭ್ಯತೆಯ ಪರ ವಕಾಲತ್ತು ವಹಿಸುವ ನಗರದ ಬುದ್ಧಿವಂತೆ ಇವಳು ಎಂದು ಈ ಪತ್ರವನ್ನು ಬದಿಗಿಡುವ ಮುಂಚೆ ಇಷ್ಟನ್ನು ಗಮನಿಸಬೇಕು. ನನಗೂ ಕೇಬಲ್ಲಿನ ಮೇಲೆ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಕಳೆದ ವರ್ಷ ಫೆಬ್ರವರಿಯ ಒಂದು ಮಧ್ಯಾಹ್ನ ಆರು ವರ್ಷದ ನನ್ನ ಮೊಮ್ಮಗಳು ಕ್ಯಾಲಿ ಕಾರ್ಟೂನು ನೋಡುತ್ತಿದ್ದಳು. ನಾನು ಒಲೆಯ ಮುಂದೆ ನಿಂತು ಅವಳಿಗೆ ಚೀಸ್ ಹಾಕಿ ಬ್ರೆಡ್ಡು ಸುಡುತ್ತಿದ್ದೆ. ಅವಳು ರಿಮೋಟಿನ ಯಾವುದೋ ಗುಂಡಿ ಒತ್ತಿದ್ದಾಳೆ. ಒಳಗಿಂದ ಕೂಗಿ ಕೇಳಿದಳು: "ಅಜ್ಜಿ, ಆ ಮಾಮ ಆಂಟಿ ಬಟ್ಟೆ ಯಾಕೆ ಹರೀತಾ ಇದ್ದಾನೆ? ಅವಳು ಬೇಡ ಬೇಡ ಅಂತಿದ್ದಾಳೆ."

ಓಡಿಹೋಗಿ ಟಿವಿ ಆರಿಸಿದೆ. ಆ ಮಗು ಒಂದು ತಿಂಗಳು ದೀಪ ಆರಿಸಲು ಬಿಡಲಿಲ್ಲ. ಕೇಬಲ್ ಕಂಪನಿಗೆ ಫೋನು ಮಾಡಿ ಆ ಚಾನೆಲ್ ನಮಗೆ ಬೇಡ ಎಂದರೆ, "ಅದು ಪ್ಯಾಕೇಜಲ್ಲೇ ಬರುತ್ತೆ ಮೇಡಂ, ತೆಗೆಯೋಕಾಗಲ್ಲ. ಬೇಕಾದ್ರೆ ಲಾಕ್ ಮಾಡ್ಕೊಳ್ಳಿ" ಎಂಬ ಉತ್ತರ ಬಂತು. ನಮಗೆ ಬೇಡದ್ದನ್ನು ನಮ್ಮ ಮನೆಯೊಳಗೆ ತಂದಿಟ್ಟು, ಬೀಗವನ್ನು ನೀವೇ ಹಾಕಿಕೊಳ್ಳಿ ಎನ್ನುವ ವ್ಯಾಪಾರ ಅದು.

ಆ ಸಿಟ್ಟು ಆರುವ ಮುಂಚೆಯೇ ದೂರಿನ ಕಾರ್ಡುಗಳು ಬಂದವು. ಮಾರ್ಚಿನ ಒಂದು ಭಾನುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವ ಹೊತ್ತು. ವಿಲ್ಮಾ ಸ್ಟ್ರೋಡ್ ಮೇಜಿನ ಮೇಲೆ ಕಾರ್ಡಿನ ಕಟ್ಟು ಹರಡಿಕೊಂಡು ಕೂತಿದ್ದಳು. ದೂರು ಮೊದಲೇ ಅಚ್ಚಾಗಿತ್ತು. ಕಾರ್ಯಕ್ರಮದ ಹೆಸರು, ದಿನ, ವೇಳೆ ಎಲ್ಲವೂ ಇದ್ದವು. ಹೆಸರು ಮತ್ತು ಸಹಿ ಮಾತ್ರ ನಮ್ಮದು.

"ಕೇಬಲ್ಲಿಂದು ಯಾವುದೂ ಇಲ್ವಲ್ಲೇ?" ಎಂದೆ.

"ಕೇಬಲ್ಲು ಆಯೋಗದ ಕೈಗೆ ಸಿಗಲ್ಲ ಕಣೆ. ಸಿಗೋರ ಮೇಲೆ ಬರಿ."

"ನಾನು ಇವು ಯಾವುದನ್ನೂ ನೋಡಿಲ್ಲ ವಿಲ್ಮಾ."

"ನೋಡಿದ್ರೆ ನಿನ್ನ ಮನಸ್ಸು ಕೆಡುತ್ತೆ. ನೋಡಿ ಮನಸ್ಸು ಕೆಡಿಸ್ಕೊಂಡೋರು ಬರೆದಿಟ್ಟಿದ್ದಾರಲ್ಲ, ಸಾಕು. ಸೈನ್ ಹಾಕು, ಕೇಕ್ ಖಾಲಿ ಆಗುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾಲ್ಕು ಕಾರ್ಡಿಗೆ ಸಹಿ ಹಾಕಿ ಕೇಕ್ ತಿಂದೆ.

ಮೂರನೆಯ ಕಾರ್ಡು ನಮ್ಮದೇ ಜಿಲ್ಲೆಯ ಪುಟ್ಟ ವಾಹಿನಿಯ ಮೇಲಿತ್ತು. ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ "ಸ್ತ್ರೀಯ ನಗ್ನ ಎದೆಯ ಪ್ರದರ್ಶನ" ಎಂದು ಅದರಲ್ಲಿ ಅಚ್ಚಾಗಿತ್ತು. ಪ್ರದರ್ಶನ ಏನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಸರಕಾರಿ ಚಿಕಿತ್ಸಾಲಯದ ನರ್ಸು ಕೊರಿನ್ ಬಾಲ್ಡ್ರಿಜ್, ಐವತ್ತೆಂಟು ವಯಸ್ಸಿನ ಹೆಂಗಸು, ಎದೆಯಲ್ಲಿ ಗಂಟು ಇದೆಯೇ ಎಂದು ಕೈಯಿಂದ ನೋಡಿಕೊಳ್ಳುವುದು ಹೇಗೆಂದು ಹನ್ನೆರಡು ನಿಮಿಷ ತೋರಿಸಿದ್ದಳು. ಗೊಂಬೆಯ ಮೇಲೆ ತೋರಿಸಿದರೆ ಯಾರೂ ಕಲಿಯುವುದಿಲ್ಲ ಎಂದು ತನ್ನ ಮೈಮೇಲೆಯೇ ತೋರಿಸಿದ್ದಳು. ನೋಡಿದ ಹೆಂಗಸರು ಫೋನು ಮಾಡಿ, ಇನ್ನೊಮ್ಮೆ ಹಾಕಿ ಎಂದು ಕೇಳಿದ್ದರು. ಏಪ್ರಿಲಿನ ಒಂದು ಶನಿವಾರ ಮರುಪ್ರಸಾರವೆಂದು ವಾಹಿನಿ ಪ್ರಕಟಿಸಿತ್ತು.

ಆ ಶನಿವಾರಕ್ಕೆ ಕಾಯುತ್ತಿದ್ದವಳು ನನ್ನ ತಂಗಿ ನೆಡ್ರಾ. ಶಾಲೆಯ ಅಡುಗೆಮನೆಯಲ್ಲಿ ಅವಳ ಕೆಲಸ. ಸೋಮವಾರ ಬೆಳಿಗ್ಗೆ ಅವಳಿಗೆ ನೋಡಲಾಗಿರಲಿಲ್ಲ. ಅವಳ ಮನೆ ಗುಡ್ಡದ ಮೇಲೆ. ಅಲ್ಲಿರುವುದು ಒಂಬತ್ತೇ ಮನೆ, ಅಷ್ಟಕ್ಕಾಗಿ ಕೇಬಲ್ ಕಂಪನಿ ತಂತಿ ಎಳೆಯುವುದಿಲ್ಲ. ಮಾಡಿನ ಮೇಲಿನ ಆಂಟೆನಾಗೆ ಸಿಕ್ಕಿದ್ದೇ ಭಾಗ್ಯ. ಆ ಶನಿವಾರ ಸಂಜೆ ಫೋನಿನಲ್ಲಿ ನಕ್ಕಳು: "ಕಾಫಿ ಮಾಡ್ಕೊಂಡು ಬಾಗಿಲು ಹಾಕ್ಕೊಂಡು ಕೂತಿದ್ದೆ. ಮೀನು ಹಿಡಿಯೋದು ಹೇಗೆ ಅಂತ ತೋರಿಸಿದ್ರು." ನಾನೂ ನಕ್ಕೆ.

ಆ ವಾಹಿನಿ ಬದಿಗಿಟ್ಟ ಮೇಲೆ ಕೊರಿನ್, ಅದೇ ಹನ್ನೆರಡು ನಿಮಿಷವನ್ನು ಅಕ್ಟೋಬರಿನಲ್ಲಿ ಕೇಬಲ್ಲಿನಲ್ಲಿ ಊರವರಿಗೆಂದೇ ಇರುವ ಸಾರ್ವಜನಿಕ ಚಾನೆಲ್ಲಿಗೆ ಕೊಟ್ಟಳು. ಅಲ್ಲಿ ತಮ್ಮ ನಿಯಮವಿರಲಿಲ್ಲ. ನಾನು ಊರೊಳಗಿನವಳು, ಕೇಬಲ್ ಇದ್ದವಳು. ಬಟ್ಟೆ ಮಡಚುತ್ತ ಅಕಸ್ಮಾತ್ತಾಗಿ ನೋಡಿದೆ. ಮೊದಲು ನಾಚಿಕೆಯಾಯಿತು. ಆಮೇಲೆ ಅವಳು ಹೇಳಿದಂತೆ ಮಾಡಿದೆ. ಎಡಗಡೆ ಬಟಾಣಿಯಷ್ಟು ಗಂಟು ಸಿಕ್ಕಿತು. ನವೆಂಬರಿನಲ್ಲಿ ಕೊಲಂಬಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಬದುಕಿ ತಮಗೆ ಪತ್ರ ಬರೆಯುತ್ತಿದ್ದೇನೆ.

ತಂಗಿಗೆ ನೀನೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹೇಳಿದೆ. "ಹೋಗಿ ಡಾಕ್ಟರ್ ಹತ್ರ ತೋರಿಸ್ಕೊ" ಎಂದೆ. "ನಿಂಗೆ ಬಂದಿದ್ದೆಲ್ಲ ನಂಗೂ ಬರ್ಬೇಕಾ? ಚಿಕ್ಕಂದಿನಲ್ಲಿ ನಿನ್ನ ಹಳೇ ಕೋಟು ಹಾಕಿದ್ದೇ ಸಾಕು" ಎಂದಳು. ಎಲ್ಲಿ ಒತ್ತಿ ನೋಡಬೇಕು, ಹೇಗೆ ನೋಡಬೇಕು ಎಂದು ಫೋನಿನಲ್ಲಿ ಬಿಡಿಸಿ ಹೇಳಲು ಹೊರಟೆ, ಬಾಯಿ ಬರಲಿಲ್ಲ. ಎದೆ ಎನ್ನುವ ಮಾತನ್ನೇ ನಾಲ್ಕು ಜನರೆದುರು ಆಡದ ಮನೆಯಲ್ಲಿ ಬೆಳೆದವರು ನಾವು. ಸಭ್ಯತೆಯನ್ನು ನಮಗೆ ಆಯೋಗ ಕಲಿಸಬೇಕಾಗಿರಲಿಲ್ಲ, ನಮ್ಮಮ್ಮನೇ ಬೇಕಾದ್ದಕ್ಕಿಂತ ಹೆಚ್ಚು ಕಲಿಸಿದ್ದಳು. ನೆಡ್ರಾಳಿಗೆ ಬೇಸಿಗೆಯಿಂದಲೇ ಅಲ್ಲಿ ನೋವಿತ್ತಂತೆ. ದೊಡ್ಡ ಪಾತ್ರೆ ಎತ್ತಿ ಉಳುಕಿದೆ ಎಂದುಕೊಂಡಿದ್ದಳು. ಜನವರಿಯಲ್ಲಿ ಡಾಕ್ಟರು ನೋಡುವ ಹೊತ್ತಿಗೆ ಬೆನ್ನುಮೂಳೆಗೆ ಹರಡಿತ್ತು. ಏಪ್ರಿಲಿನಲ್ಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಹೇಳೋಕೆ ಬರಲ್ಲ, ಮಿಸೆಸ್ ಕ್ಲೈನ್" ಎಂದರು. ಇಲ್ಲ ಎಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ವರ್ಷ ಮೇ ತಿಂಗಳಿನಲ್ಲಿ ನಾನು ಆ ವಾಹಿನಿಯ ಕಚೇರಿಗೆ ಜಗಳಕ್ಕೆಂದೇ ಹೋದೆ. ಅಲ್ಲಿನ ವ್ಯವಸ್ಥಾಪಕ ಲೈಲ್ ಪೆಟ್ಟಿಬೋನ್, ಚಿಕ್ಕವನಿದ್ದಾಗ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಗಲಾಟೆ ಮಾಡುತ್ತಿದ್ದವನು. ಆ ಶನಿವಾರ ಯಾವ ಧೈರ್ಯದ ಮೇಲೆ ಮೀನು ತೋರಿಸಿದೆ ಎಂದು ಕೇಳಿದೆ. ಅವನು ಬಾಗಿಲು ಮುಚ್ಚಿದ.

"ಕೂತ್ಕೊಳ್ಳಿ ಮಿಸೆಸ್ ಕ್ಲೈನ್."

"ನಿಂತೇ ಕೇಳ್ತೀನಿ."

"ಬೇಡ, ಕೂತ್ಕೊಳ್ಳಿ."

ಕಡತ ತೆಗೆದು ಮುಂದಿಟ್ಟ. ಕಾರ್ಡಿನ ಪ್ರತಿಗಳು ವಾಹಿನಿಗೂ ಬಂದಿದ್ದವು, ಇಪ್ಪತ್ತಮೂರು. ಮೇಲಿನಿಂದ ಆರನೆಯದರಲ್ಲಿ ನನ್ನ ಅಕ್ಷರವಿತ್ತು. ನನ್ನ ಸಹಿಯ ಕೊನೆಯ ಬಾಲವನ್ನು ನಾನು ಉದ್ದಕ್ಕೆ ಎಳೆಯುತ್ತೇನೆ. ಅಂದು ಕೇಕಿನ ಅವಸರದಲ್ಲೂ ಎಳೆದಿದ್ದೆ.

"ಒಂದು ವರ್ಷದಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನೆಡ್ರಾ ಸಮಾಚಾರ ತಿಳಿದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ." ಕಡತದ ಇನ್ನೊಂದು ಹಾಳೆ ತೋರಿಸಿದ. ಅದು ಕಳೆದ ವರ್ಷ ಜೂನಿನಲ್ಲಿ ಆಯೋಗದಿಂದ ಬಂದ ವಿಚಾರಣೆಯ ಪತ್ರ. "ಉತ್ತರ ಕೊಟ್ಟು ಹತ್ತು ತಿಂಗಳಾಯ್ತು. ತಪ್ಪು ಅಂತಾನೂ ಹೇಳಿಲ್ಲ, ಸರಿ ಅಂತಾನೂ ಹೇಳಿಲ್ಲ. ದಂಡ ಬಿದ್ರೆ ಬಾಗಿಲು ಹಾಕ್ಬೇಕು, ಹನ್ನೊಂದು ಜನ ಮನೆಗೆ ಹೋಗ್ತಾರೆ. ಅವರು ಹೇಳೋವರೆಗೂ ಮುಟ್ಬೇಡ ಅಂತ ಲಾಯರು ಹೇಳಿದ್ದಾರೆ. ಒಂದು ಸಾಲು ಬರೆದು ಕಳಿಸಲಿ, ಮಾರನೇ ಸೋಮವಾರವೇ ಹಾಕ್ತೀನಿ."

ಜೂನಿನಲ್ಲಿ ನೆಡ್ರಾಳಿಗೆ ಹೇಳಿದೆ. ಅವಳ ಮನೆಯ ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದೆವು. ಅವಳ ಬೆರಳುಗಳಿಗೆ ಆಗಲೇ ಶಕ್ತಿಯಿರಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿದೆ.

"ಸೈನ್ ಹಾಕೋ ಮುಂಚೆ ಅದನ್ನ ನೋಡಿದ್ಯಾ ನೀನು?" ಎಂದು ಕೇಳಿದಳು.

"ಇಲ್ಲ."

ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿ, "ಬಿಡಿಸು, ಬಾಡಿಹೋಗುತ್ತೆ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಮುಂದಿನ ಎಂಟು ವಾರ ನಾನೇ ಅವಳಿಗೆ ಸ್ನಾನ ಮಾಡಿಸಿದೆ. ಆ ಮಾತು ಮತ್ತೆ ಬರಲಿಲ್ಲ.

ಮಾನ್ಯರೇ, ವೈದ್ಯಕೀಯ ವಿಷಯವನ್ನು ನಾವು ಎಂದೂ ನಿಷೇಧಿಸಿಲ್ಲ, ಎಲ್ಲವೂ ಸಂದರ್ಭದ ಮೇಲೆ ನಿಂತಿದೆ ಎಂದು ತಮ್ಮ ವಕೀಲರು ಹೇಳುತ್ತಾರೆಂದು ಬಲ್ಲೆ. ಒಪ್ಪಿದೆ. ಆ ಸಂದರ್ಭವನ್ನು ಪರಿಶೀಲಿಸಲು ಹನ್ನೆರಡು ನಿಮಿಷದ ಟೇಪನ್ನು ತಮ್ಮಲ್ಲಿ ಒಬ್ಬರಾದರೂ ನೋಡಿದ್ದೀರಾ? ಅಥವಾ ತಾವೂ ನನ್ನ ಹಾಗೆ ನೋಡದೆಯೇ ಕೂತಿದ್ದೀರಾ? ನಿಷೇಧಿಸದೆಯೇ ನಿಲ್ಲಿಸುವ ಈ ವಿದ್ಯೆ ಯಾವ ಕಾಯಿದೆಯ ಯಾವ ಕಲಮಿನಲ್ಲಿದೆ? ಈಗ ಇದೇ ವಿದ್ಯೆಯನ್ನು ಕೇಬಲ್ಲಿಗೂ ದಯಪಾಲಿಸಲು ಹೊರಟಿದ್ದೀರಿ. ಎರಡು ವರ್ಷ ಮೊದಲೇ ದಯಪಾಲಿಸಿದ್ದರೆ ನನ್ನ ಗಂಟೂ ಸಿಗುತ್ತಿರಲಿಲ್ಲ, ಈ ಪತ್ರದ ಕಾಟವೂ ತಮಗಿರುತ್ತಿರಲಿಲ್ಲ. ದೊಡ್ಡ ಕಂಪನಿಗಳು ದೊಡ್ಡ ವಕೀಲರನ್ನಿಟ್ಟು ತಮಗೆ ಬೇಕಾದ್ದನ್ನು ತೋರಿಸಿಯೇ ತೋರಿಸುತ್ತವೆ. ಹೆದರಿ ಟೇಪನ್ನು ಕಪಾಟಿಗೆ ಸೇರಿಸುವವರು ಲೈಲನಂಥವರು.

ಹಾಗಾದರೆ ಕ್ಯಾಲಿ ನೋಡಿದ್ದಕ್ಕೆ ಏನು ಹೇಳುತ್ತೀಯೆ ಎಂದರೆ, ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನಿಯಮವೇ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಬೇಡದ ಚಾನೆಲ್ಲನ್ನು ತೆಗೆಸಿ ಉಳಿದದ್ದನ್ನು ಮಾತ್ರ ಕೊಳ್ಳುವ ಹಕ್ಕನ್ನು ನಮಗೆ ಕೊಡಿಸಿ. ತಾಯಂದಿರು, ಅಜ್ಜಿಯರು ಅರ್ಧ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ಉಳಿದರ್ಧಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ತಮಗೆ ಗೊತ್ತಿದೆ ಎಂಬ ನಂಬಿಕೆಯೂ ಉಳಿದಿಲ್ಲ.

ನನ್ನ ಬೇಡಿಕೆ ಸಣ್ಣದು. ಹೊಸ ನಿಯಮ ಬರೆಯುವ ಮುಂಚೆ ಹಳೆಯ ಪತ್ರಕ್ಕೆ ಉತ್ತರ ಬರೆಯಿರಿ. ಆ ಟೇಪು ಅಸಭ್ಯವೋ ಅಲ್ಲವೋ ಎಂದು ಒಂದೇ ಸಾಲು, ಕೆಳಗೆ ತಮ್ಮ ಸಹಿ. ಸಹಿ ಹಾಕುವ ಮುಂಚೆ ದಯವಿಟ್ಟು ನೋಡಿ.

ಆ ಸಾಲು ಬರುವವರೆಗೆ ನಾನು ಸುಮ್ಮನೆ ಕೂತಿಲ್ಲ. ಗುಡ್ಡದ ಮೇಲಿನ ಮನೆಗಳಲ್ಲಿ ಇನ್ನೂ ಏಳು ಹೆಂಗಸರಿದ್ದಾರೆ. ಪ್ರತಿ ಗುರುವಾರ ಒಂದೊಂದು ಮನೆಗೆ ಹೋಗಿ, ಅಡುಗೆಮನೆಯ ಪರದೆ ಎಳೆದು, ರವಿಕೆ ಬಿಚ್ಚಿ, ಕೊಯ್ದ ಕಡೆ ಮತ್ತು ಉಳಿದ ಕಡೆ ಎರಡನ್ನೂ ತೋರಿಸಿ, ಕೊರಿನ್ ಹೇಳಿಕೊಟ್ಟ ಹಾಗೆ ಹೇಳಿಕೊಡುತ್ತಿದ್ದೇನೆ. ಇಲ್ಲಿಯವರೆಗೆ ನಾಲ್ಕು ಮನೆ ಆಗಿದೆ. ಅದೂ ತಮ್ಮ ನಿಯಮ ಕಾವಲಿರುವ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರೊಳಗೇ, ಕೆಲವೊಮ್ಮೆ ಮಕ್ಕಳೂ ಮನೆಯಲ್ಲಿರುವಾಗ. ಇದರ ಮೇಲೆ ವಿಚಾರಣೆ ನಡೆಸುವುದಿದ್ದರೆ ನನ್ನ ವಿಳಾಸ ತಮ್ಮ ಕಚೇರಿಯಲ್ಲಿರುವ ನಾಲ್ಕು ಕಾರ್ಡುಗಳ ಮೇಲೂ ಇದೆ.

ಇಂತಿ,
ನೋಡದೆ ಸಹಿ ಹಾಕಿದವಳು,
ಆರ್ಡಿತ್ ಕ್ಲೈನ್
ಅಕ್ಟೋಬರ್ ೨೦೦೫